ಬಿಸಿಲಿಗಿಟ್ಟ ಸೀರಮ್

ಎರಡೂ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಪಟ್ಟೆ ಎಳೆದುಕೊಂಡು, ಕೈಯಲ್ಲೊಂದು ಪುಟ್ಟ ಬಾಟಲಿ ಹಿಡಿದು, ಆ ಮನುಷ್ಯ ಅವಳ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಆ ಮುಖ ನೋಡಿದರೆ ಯಾರಿಗಾದರೂ ನಗು ಬರಬೇಕು. ಅವಳಿಗೆ ಬಂದದ್ದು ಕೋಪ.

ಯಾಕೆಂದರೆ ಆ ಬಾಟಲಿ ಅವಳದು. ಮೇಲಿನ ಲೇಬಲ್ ಅವಳದು. ಒಳಗಿನ ವಿಟಮಿನ್ ಸಿ ಸೀರಮ್ಮನ್ನು ಅವಳೇ ಕೈಯಾರೆ ಮಾಡಿದ್ದು. ಇಲ್ಲಿಂದ ಹೊರಟಾಗ ನೀರಿನಷ್ಟು ತಿಳಿಯಾಗಿದ್ದದ್ದು ಈಗ ಹಾಲು ಹಾಕದ ಟೀ ಬಣ್ಣಕ್ಕೆ ತಿರುಗಿತ್ತು.

"ನೋಡಿ ಮೇಡಂ," ಅಂತ ಬಾಟಲಿಯನ್ನು ಅವಳ ಮೂಗಿನ ಹತ್ತಿರವೇ ಹಿಡಿದ. "ಮುಖದ ಮೇಲಿನ ಬಂಗು ಹೋಗಲಿ ಅಂತ ಹಚ್ಕೊಂಡ್ರೆ ಹೊಸದಾಗಿ ಎರಡು ಪಟ್ಟೆ ಬಂದಿದೆ. ಇದು ಸೀರಮ್ಮೋ, ಗೋಡೆಗೆ ಬಳಿಯೋ ಪೇಂಟೋ?"

"ಎಲ್ಲಿಟ್ಟಿದ್ರಿ ಇದನ್ನ?"

"ನನ್ನ ಬ್ಯಾಗಲ್ಲಿ."

"ಬ್ಯಾಗ್ ಎಲ್ಲಿತ್ತು?"

"ಸ್ವಿಮಿಂಗ್ ಪೂಲ್ ಹತ್ತಿರ, ಬೆಂಚಿನ ಮೇಲೆ. ನಾನು ಈಜು ಕಲಿಸೋನು."

"ಬೆಂಚು ಎಲ್ಲಿದೆ?"

"ಬಿಸಿಲಲ್ಲಿ," ಅಂದ. ಅಷ್ಟು ಹೊತ್ತಿಗೆ ಅವನ ದನಿ ಸ್ವಲ್ಪ ಇಳಿದಿತ್ತು.

"ಹಚ್ಕೊಂಡಿದ್ದು ಯಾವಾಗ?"

"ನೀರಿಂದ ಎದ್ದ ತಕ್ಷಣ."

"ಒದ್ದೆ ಮುಖಕ್ಕಾ? ಕ್ಲೋರಿನ್ ನೀರು ಇಳೀತಿರೋ ಮುಖಕ್ಕಾ? ಡ್ರಾಪರನ್ನ ಕೆನ್ನೆಗೆ ತಾಗಿಸಿದ್ರಾ?"

"ತಾಗಿಸದೆ ಹೇಗ್ರೀ ಹಚ್ಚೋದು?"

ಅವಳು ಕೈಗವಸು ಕಿತ್ತು ಮೇಜಿನ ಮೇಲೆ ಎಸೆದಳು. "ಸ್ವಾಮಿ, ವಿಟಮಿನ್ ಸಿಗೆ ಗಾಳಿ ಕಂಡ್ರೆ ಆಗಲ್ಲ. ಬೆಳಕು ಕಂಡ್ರೆ ಆಗಲ್ಲ. ಶಾಖ ಕಂಡ್ರೆ ಆಗಲ್ಲ. ಕ್ಲೋರಿನ್ ಕಂಡ್ರಂತೂ ಪ್ರಾಣಾನೇ ಬಿಡತ್ತೆ. ನೀವು ನಾಲ್ಕನ್ನೂ ಒಟ್ಟಿಗೆ ತೋರಿಸಿದ್ದೀರ. ತೋರಿಸಿ, ಈಗ ನನ್ನ ಬಾಗಿಲಿಗೆ ಬಂದು ಜಗಳ ಆಡ್ತಿದ್ದೀರ!"

"ಅಬ್ಬಾ, ಅಷ್ಟು ಸಿಡುಕಾ ಈ ಸೀರಮ್ಮಿಗೆ?"

"ಮಾಡಿದವಳ ಹಾಗೇ," ಅಂತ ಮುಂದಿನ ಕೋಣೆಯಿಂದ ಒಂದು ದನಿ ಬಂತು.

ಅದು ಅವಳ ಸೋದರತ್ತೆ. ಕಟ್ಟಡದ ಮುಂಭಾಗದಲ್ಲಿ ಅತ್ತೆಯ ಟೈಲರಿಂಗ್ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಇವಳ ಲ್ಯಾಬ್. ಅತ್ತೆಯ ಹೊಲಿಗೆ ಮೆಷಿನ್ ದಾಟದೆ ಒಂದು ನೊಣವೂ ಒಳಗೆ ಬರುವಂತಿರಲಿಲ್ಲ. ಚಿಕ್ಕಂದಿನಲ್ಲೇ ಇವಳಿಗೆ ಸಿಡುಕಿ ಅಂತ ಹೆಸರಿಟ್ಟವಳೂ ಅತ್ತೆಯೇ, ದಿನಕ್ಕೊಮ್ಮೆ ಸಿಡುಕಿಸಿ ಮಜಾ ನೋಡುವವಳೂ ಅತ್ತೆಯೇ. "ಇಷ್ಟೆಲ್ಲ ಮೆಷಿನು, ಬಾಟಲಿ ಯಾಕೆ? ಒಂದು ನಿಂಬೆಹಣ್ಣು ಉಜ್ಜಿಕೊಂಡ್ರೆ ಸಾಲದಾ?" ಅಂತ ಸುಮ್ಮನೆ ಒಂದು ಮಾತು ಎಸೆದು ಸೂಜಿಗೆ ದಾರ ಪೋಣಿಸುತ್ತ ಕೂರುತ್ತಿದ್ದಳು. ನಿಂಬೆಹಣ್ಣು ಉಜ್ಜಿದರೆ ಚರ್ಮ ಸುಟ್ಟುಹೋಗುತ್ತದೆ ಅಂತ ಇವಳು ಪ್ರತಿ ಸಲವೂ ಮೊದಲ ಸಲದಷ್ಟೇ ಜೋರಾಗಿ ಕೂಗುತ್ತಿದ್ದಳು.

ಸಿಡುಕಲು ಅವಳಿಗೆ ಕಾರಣಕ್ಕೇನೂ ಬರವಿರಲಿಲ್ಲ. ಮೊದಲು ಕೆಲಸಕ್ಕಿದ್ದ ದೊಡ್ಡ ಕಂಪನಿಯಲ್ಲಿ ಸೀರಮ್ ಪೆಟ್ಟಿಗೆಗಳನ್ನು ತಗಡಿನ ಗೋಡೌನಿನಲ್ಲಿ ತಿಂಗಳುಗಟ್ಟಲೆ ಬೇಯಲು ಬಿಡುತ್ತಿದ್ದರು. ಕೆಟ್ಟು ಬಣ್ಣ ತಿರುಗಿದ್ದು ಯಾರಿಗೂ ಕಾಣದಿರಲಿ ಅಂತ ಮೊದಲೇ ಅದಕ್ಕೆ ಹಳದಿ ಬಣ್ಣ ಬೆರೆಸಿಬಿಡುತ್ತಿದ್ದರು. ಇದು ಮೋಸ ಅಂದಳು. ಮ್ಯಾನೇಜರ್ ನಕ್ಕ. ಆ ನಗುವಿಗೇ ಕೆಲಸ ಬಿಟ್ಟು ಬಂದು ಈ ಲ್ಯಾಬ್ ಹಾಕಿದ್ದು. ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದಳು, ತಾಜಾ ಮಾಡುತ್ತಿದ್ದಳು, ಬಣ್ಣ ಬೆರೆಸದೆ ತಿಳಿಯಾಗೇ ಕೊಡುತ್ತಿದ್ದಳು. ಕೆಟ್ಟರೆ ಕೆಟ್ಟದ್ದು ಕಾಣಲಿ ಅನ್ನುವ ಹಠ ಅವಳದು. ಮಾಡಿದ್ದರಲ್ಲಿ ಬಹುಪಾಲು ಒಬ್ಬ ಚರ್ಮದ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗುತ್ತಿತ್ತು. ಆ ಕ್ಲಿನಿಕ್ ಬೇಡ ಅಂದ ದಿನ ಲ್ಯಾಬಿಗೆ ಬೀಗ ಬೀಳುತ್ತಿತ್ತು, ಅವಳು ಮತ್ತೆ ಆ ಗೋಡೌನ್ ಕಂಪನಿಯ ಮುಂದೆ ಹೋಗಿ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಹಾಗಾಗಿ ಕಂದು ಬಾಟಲಿ ಹಿಡಿದು ಬಂದವನ ಮೇಲೆ ಅವಳಿಗೆ ಮೈಯೆಲ್ಲ ಉರಿದದ್ದರಲ್ಲಿ ತಪ್ಪೇನೂ ಇಲ್ಲ.

ಆದರೂ ಹೊಸ ಬಾಟಲಿ ಕೊಟ್ಟಳು. ಕೊಡುವಾಗ ಪಾಠವನ್ನೂ ಮಾಡಿದಳು. "ಬೆಳಿಗ್ಗೆ ಮುಖ ತೊಳೀಬೇಕು. ಚೆನ್ನಾಗಿ ಒರೆಸ್ಕೋಬೇಕು. ಅಂಗೈಗೆ ನಾಲ್ಕು ಹನಿ ಹಾಕ್ಕೊಂಡು ಹಚ್ಕೋಬೇಕು, ಡ್ರಾಪರ್ ಮುಖ ಮುಟ್ಟಬಾರದು. ಅದರ ಮೇಲೆ ಕ್ರೀಮು, ಕ್ರೀಮಿನ ಮೇಲೆ ಸನ್‌ಸ್ಕ್ರೀನು. ಮುಚ್ಚಳ ಬಿಗಿಯಾಗಿ ಹಾಕಿ ಕತ್ತಲಲ್ಲಿ ಇಡಬೇಕು. ಮತ್ತೆ, ದಿನಾ ಹಚ್ಚಬೇಕು. ಬಿಟ್ಟು ಬಿಟ್ಟು ಹಚ್ಚಿದ್ರೆ ಬಂಗು ಹೋಗಲ್ಲ."

ಅವನು ಪಾಠ ಕೇಳುತ್ತಿದ್ದನೋ ಇಲ್ಲವೋ, ಅವಳ ಕಣ್ಣನ್ನಂತೂ ನೋಡುತ್ತಿದ್ದ. ತಲೆಗೆ ಕ್ಯಾಪು, ಮುಖಕ್ಕೆ ಮಾಸ್ಕು, ಅವಳಲ್ಲಿ ಕಾಣುತ್ತಿದ್ದದ್ದು ಅದೊಂದೇ.

"ಈ ಪಟ್ಟೆ ಹೋಗತ್ತಾ?"

"ನಾಲ್ಕೈದು ದಿನದಲ್ಲಿ ಹೋಗತ್ತೆ."

"ನನ್ನ ಹತ್ತಿರ ಈಜು ಕಲಿಯೋಕೆ ಒಬ್ಬರು ಅಜ್ಜಿ ಬರ್ತಾರೆ. ಬೆಳಿಗ್ಗೆಯಿಂದ ನನ್ನನ್ನ ಹುಲಿ ಅಂತಿದಾರೆ."

ಅವಳು ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡಳು.

"ನಕ್ರಿ," ಅಂದ ಅವನು.

"ಇಲ್ಲ."

"ಕಣ್ಣು ಸಣ್ಣ ಆಯ್ತು."

"ಬೆಳಕಿಗೆ ಆಗಿರತ್ತೆ. ನಡೀರಿ ಸಾಕು, ಕೆಲಸ ಇದೆ."

ಅವನು ಹೋದ ಮೇಲೆ ಅತ್ತೆ ಬಾಗಿಲಿಗೆ ಬಂದು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ, "ಭುಜ ಅಗಲವಾಗಿದೆ, ಕಾಲರ್ ಮಾತ್ರ ಸವೆದಿದೆ. ನೋಡಿಕೊಳ್ಳೋರು ಯಾರೂ ಇಲ್ಲ ಅಂತ ಕಾಣತ್ತೆ," ಅಂದಳು. ಅತ್ತೆ ಗಂಡಸರನ್ನು ಅಳೆಯುವುದೇ ಹಾಗೆ.

"ನಾನೇನು ಕೇಳಿದ್ನಾ?" ಅಂತ ಸಿಡುಕಿ ಸಿಡುಕಿದಳು.

ಎರಡು ವಾರ ಕಳೆದಿರಬೇಕು. ಈಜು ಮೇಷ್ಟ್ರು ಮತ್ತೆ ಬಂದ. ಅಂಗಿಗೆ ಇಸ್ತ್ರಿ ಬಿದ್ದಿತ್ತು. ಕೈಯಲ್ಲಿ ಬಾಟಲಿ, ಬಾಟಲಿಯಲ್ಲಿ ಮತ್ತದೇ ಕಂದು ಬಣ್ಣ.

"ನೀವು ಹೇಳಿದ ಹಾಗೇ ಇಟ್ಟಿದ್ದೆ. ಕಪಾಟಿನೊಳಗೆ, ಕತ್ತಲಲ್ಲಿ." ಅವನು ಅವಳ ಮುಖ ನೋಡದೆ ಹೇಳಿದ. "ಮುಖ ಒರೆಸ್ಕೊಂಡೇ ಹಚ್ಚಿದ್ದು. ಡ್ರಾಪರ್ ಮುಟ್ಟಿಸಿಲ್ಲ. ಕ್ರೀಮು, ಅದರ ಮೇಲೆ ಸನ್‌ಸ್ಕ್ರೀನು. ಆದ್ರೂ ಹೀಗಾಯ್ತು."

ಹೇಳಿಕೊಟ್ಟ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸುವವನು ತಪ್ಪು ಮಾಡಿರಲಾರ. ಹಾಗಾದರೆ ತಪ್ಪು ಎಲ್ಲಿ? ಪ್ರತಿ ಸಲ ಮಾಡಿದ್ದರಲ್ಲೂ ಒಂದು ಬಾಟಲಿಯನ್ನು ಅವಳು ತನ್ನಲ್ಲೇ ಉಳಿಸಿಕೊಳ್ಳುತ್ತಿದ್ದಳು. ತೆಗೆದು ನೋಡಿದರೆ ಅದು ಇನ್ನೂ ತಿಳಿಯಾಗೇ ಇದೆ. ಹಾಗಾದರೆ ಸೀರಮ್ ಸರಿಯಾಗಿದೆ, ಮುಚ್ಚಳದಲ್ಲೇ ಏನೋ ದೋಷ, ಗಾಳಿ ನುಗ್ಗುತ್ತಿದೆ ಅಂತ ಅವಳಿಗೆ ಅನಿಸಿತು. ಮೂಲೆಯಲ್ಲಿದ್ದ ಮುಚ್ಚಳದ ಚೀಲವನ್ನೇ ಮೇಜಿನ ಮೇಲೆ ಸುರಿದಳು.

"ನಾನೂ ಸಹಾಯ ಮಾಡ್ಲಾ?" ಅಂದ.

"ಮಾಡಿ. ನಿಮ್ಮಿಂದಲೇ ತಾನೇ ಬಂದಿದ್ದು."

ಹೀಗೆ ಅವನು ಬರತೊಡಗಿದ. ಮಧ್ಯಾಹ್ನ ಪೂಲ್ ಮುಚ್ಚಿರುವ ಹೊತ್ತಿನಲ್ಲಿ ಬಂದು, ಕೈ ತೊಳೆದು, ಕ್ಯಾಪು ಹಾಕಿಕೊಂಡು ಅವಳೆದುರು ಕೂರುತ್ತಿದ್ದ. ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು, ಬಿಳಿ ಕಾಗದದ ಮೇಲೆ ತಲೆಕೆಳಗಾಗಿ ನಿಲ್ಲಿಸುವುದು. ಕಾಗದ ಒದ್ದೆಯಾಯಿತಾ ಅಂತ ಕಾಯುವುದು. ಕಾಯುವಾಗ ಮಾತಾಡದೆ ಇನ್ನೇನು ಮಾಡುವುದು?

ಅವನು ದೊಡ್ಡವರಿಗೆ ಈಜು ಕಲಿಸುವವನು. ಮಕ್ಕಳಾದರೆ ತಾವೇ ಧುಮುಕುತ್ತವೆ, ದೊಡ್ಡವರು ಮಾತ್ರ ಪೂಲಿನ ಅಂಚು ಬಿಡುವುದೇ ಇಲ್ಲ ಅಂತ ಹೇಳುತ್ತಿದ್ದ. "ಒಬ್ಬರು ರಿಟೈರ್ಡ್ ಮೇಷ್ಟ್ರು ಇದಾರೆ. ಅಂಚು ಹಿಡ್ಕೊಂಡು ನನಗೇ ಈಜಿನ ಬಗ್ಗೆ ಭಾಷಣ ಮಾಡ್ತಾರೆ. ಕೈ ಬಿಡಿ ಸಾರ್ ಅಂದ್ರೆ, ವಿಷಯ ಮುಗೀಲಿ ಅಂತಾರೆ."

ಅವಳು ನಕ್ಕಳು. ನಗುವಾಗ ಮಾಸ್ಕ್ ಮೇಲೆ ಕೆಳಗೆ ಆಡಿತು.

"ಒಂದು ದಿನ ಅದನ್ನ ತೆಗೆದು ನಗಬಾರದಾ?"

"ಲ್ಯಾಬಿನಲ್ಲಿ ತೆಗೆಯೋ ಹಾಗಿಲ್ಲ."

"ಹೊರಗಡೆ?"

"ಹೊರಗಡೆ ನಾನ್ಯಾಕೆ ನಿಮ್ಮೆದುರು ನಗಬೇಕು?"

ಅವನು ಮುಚ್ಚಳ ತಿರುಗಿಸಿದ. ಆಗಾಗ ಏನೋ ಹೇಳುವವನಂತೆ ಬಾಯಿ ತೆರೆಯುತ್ತಿದ್ದ, ಮತ್ತೆ ಮುಚ್ಚಿಕೊಳ್ಳುತ್ತಿದ್ದ, ಕಿವಿ ಕೆಂಪಾಗುತ್ತಿತ್ತು. ಅವಳು ಅದನ್ನು ಬೇರೆಯೇ ಅರ್ಥ ಮಾಡಿಕೊಂಡಳು. ಮಾಡಿಕೊಂಡು, ಅವನು ಹೋದ ಮೇಲೆ ಬಹಳ ಹೊತ್ತು ಕೆಲಸ ಮಾಡುವವಳ ಹಾಗೆ ಖಾಲಿ ಬೀಕರ್ ತೊಳೆಯುತ್ತಿದ್ದಳು. ಅವನು ಬಾರದ ಮಧ್ಯಾಹ್ನಗಳಲ್ಲಿ ಅತ್ತೆ ಬೇಕೆಂದೇ, "ಯಾಕೋ ಇವತ್ತು ಮುಚ್ಚಳ ಎಲ್ಲ ಸರಿಯಾಗಿದೆ ಅಂತ ಕಾಣತ್ತೆ," ಅನ್ನುತ್ತಿದ್ದಳು.

ಒಂದು ಮುಚ್ಚಳವೂ ಸೋರಲಿಲ್ಲ. ಆದರೂ ಅನುಮಾನಕ್ಕೆ ಅವಳು ಎಲ್ಲ ಮುಚ್ಚಳವನ್ನೂ ಬದಲಿಸಿದಳು. ಹೊಸ ಮುಚ್ಚಳ ಹಾಕಿದ ಮೊದಲ ಬಾಟಲಿಯನ್ನು ಅವನ ಕೈಗೇ ಕೊಟ್ಟಳು.

ಅದಾದ ಮೇಲೆ ಡಾಕ್ಟರಮ್ಮನ ಫೋನ್ ಬಂತು.

"ನೋಡಮ್ಮಾ, ಆ ಈಜು ಕೋಚು ಮತ್ತೆ ಕಂದು ಬಾಟಲಿ ಹಿಡ್ಕೊಂಡು ಬಂದಿದ್ರು. ಇದು ಮೂರನೇದು. ಕೌಂಟರಲ್ಲಿ ಇನ್ನೊಂದು ಬಾಟಲಿ ಕೇಳಿದ್ದಾರೆ. ಯಾಕೆ ಅಂತ ನಮ್ಮ ಹುಡುಗಿ ಕೇಳಿದ್ರೆ, ಮತ್ತೆ ಬಣ್ಣ ತಿರುಗಿತು, ಮಾಡಿದವರಿಗೇ ತೋರಿಸಿ ಬರ್ತೀನಿ ಅಂದರಂತೆ. ವೇಟಿಂಗ್ ರೂಮ್ ತುಂಬ ಜನ. ಎಲ್ಲರೂ ತಮ್ಮ ತಮ್ಮ ಬಾಟಲಿ ತೆಗೆದು ಬೆಳಕಿಗೆ ಹಿಡಿದು ನೋಡೋಕೆ ಶುರು ಮಾಡಿದ್ರು."

"ಮೇಡಂ, ನಾನು ಮುಚ್ಚಳ ಎಲ್ಲ ಬದಲಾಯಿಸಿದ್ದೀನಿ."

"ಬದಲಾಯಿಸಿದ ಮೇಲೂ ಹೀಗಾಗಿದೆ ಅಲ್ವಾ? ನನ್ನ ಹೆಸರೂ ಇದೆ ಇದರಲ್ಲಿ. ಸೋಮವಾರ ಬೇರೆ ಕಂಪನಿಯವರು ಬರ್ತಿದಾರೆ. ಅಷ್ಟರೊಳಗೆ ಏನಾಗ್ತಿದೆ ಅಂತ ಕಂಡುಹಿಡಿದು ಹೇಳು."

ಯಾವ ಕಂಪನಿ ಅಂತ ಕೇಳಿದಳು. ಅದೇ ಗೋಡೌನಿನ ಕಂಪನಿ. ಹಳದಿ ಬಣ್ಣ ಬೆರೆಸುವವರು.

ಫೋನ್ ಇಟ್ಟ ಮೇಲೆ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಇದೆಂಥ ನ್ಯಾಯ? ಕೆಟ್ಟದ್ದನ್ನು ಬಣ್ಣ ಹಾಕಿ ಮುಚ್ಚುವವರ ಬಾಟಲಿ ಯಾವತ್ತೂ ಕಂದಾಗುವುದಿಲ್ಲ, ಅವರು ಗೆಲ್ಲುತ್ತಾರೆ. ಮುಚ್ಚಿಡದೆ ತಿಳಿಯಾಗಿ ಕೊಟ್ಟವಳು ಬಾಗಿಲು ಹಾಕಿಕೊಂಡು ಹೋಗಬೇಕು! ಆದರೆ ಕೋಪಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಅನುಮಾನ. ಬಹುಶಃ ನನ್ನ ಕೈಯಲ್ಲೇ ಏನೋ ತಪ್ಪಿದೆ. ಬಹುಶಃ ಆ ಮ್ಯಾನೇಜರ್ ನಕ್ಕದ್ದೇ ಸರಿ. ಮುಂಜಾನೆ ಎದ್ದು ಮಾಡಿಟ್ಟಿದ್ದ ಇಡೀ ಸೀರಮ್ಮನ್ನು, ಕ್ಲಿನಿಕ್ಕಿಗೆ ಹೋಗಬೇಕಾಗಿದ್ದ ಒಂದೊಂದು ಬಾಟಲಿಯನ್ನೂ ಬಿಚ್ಚಿ ಸಿಂಕಿಗೆ ಸುರಿದಳು. ಸುರಿಯುವಾಗ ಅದು ಕನ್ನಡಿಯಷ್ಟು ತಿಳಿಯಾಗಿತ್ತು. ಅವಳು ಅತ್ತಳು.

ಅತ್ತೆ ಬಂದು ಬೆನ್ನ ಮೇಲೆ ಕೈಯಿಟ್ಟು ನಿಂತಳು. ಆ ದಿನ ನಿಂಬೆಹಣ್ಣಿನ ಮಾತೆತ್ತಲಿಲ್ಲ.

"ಅವನು ಎಲ್ಲಿಡ್ತಾನೆ ಅಂತ ನೀನು ಕಣ್ಣಾರೆ ನೋಡಿದ್ದೀಯಾ?" ಅಂತಷ್ಟೇ ಕೇಳಿದಳು.

ನೋಡಿರಲಿಲ್ಲ. ಅವನ ಮಾತನ್ನೇ ನಂಬಿದ್ದಳು. ಮರುದಿನ ಬೆಳಿಗ್ಗೆ ಥರ್ಮಾಮೀಟರ್ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಪೂಲಿಗೆ ಹೊರಟಳು. ಪಾಪ, ಅವನ ಕಪಾಟಿಗೇ ಎಲ್ಲಿಂದಲೋ ಶಾಖ ತಾಗುತ್ತಿರಬೇಕು, ತೋರಿಸಿದರೆ ಇಬ್ಬರ ತೊಂದರೆಯೂ ಮುಗಿಯುತ್ತದೆ ಅಂತ ದಾರಿಯುದ್ದಕ್ಕೂ ಯೋಚಿಸಿದಳು. ಒಳ್ಳೆಯ ಅಂಗಿ ಹಾಕಿಕೊಂಡಿದ್ದಳು ಅನ್ನುವುದನ್ನೂ ಹೇಳಿಬಿಡಬೇಕು.

ಟಿಕೆಟ್ ಕಿಟಕಿಯಲ್ಲಿ ಕೂತಿದ್ದದ್ದು ಅವನ ಅಕ್ಕ. ತಮ್ಮನದೇ ಕಣ್ಣು, ತಮ್ಮನದೇ ಅಗಲ ಭುಜ. ಇವಳು ಯಾರೆಂದು ಹೇಳಿದ್ದೇ ತಡ, ಅಕ್ಕ ಕಿಟಕಿ ಬಿಟ್ಟು ಹೊರಗೇ ಬಂದಳು.

"ಅಯ್ಯೋ, ಸೀರಮ್ ಮಾಡೋರು ನೀವೇನಾ? ಏನು ಗಟ್ಟಿ ಸೀರಮ್ ಮಾಡ್ತೀರ್ರೀ! ನನ್ನ ತಮ್ಮ ಅದನ್ನ ಕೆಡಿಸೋಕೆ ಪಟ್ಟ ಕಷ್ಟ ನೋಡಿದ್ರೆ ನಿಮಗೇ ಪಾಪ ಅನಿಸ್ತಿತ್ತು."

"ಏನು... ಕೆಡಿಸೋಕೆ?"

"ಹೂಂ ಮತ್ತೆ. ಬಿಸಿಲಿಗಿಟ್ಟ, ಒಂದು ವಾರ ಆದ್ರೂ ಬಣ್ಣ ತಿರುಗಲಿಲ್ಲ. ಮುಚ್ಚಳ ತೆಗೆದಿಟ್ಟ, ಆಗಲೂ ಸ್ವಲ್ಪ ಹಳದಿ ಆಯ್ತು ಅಷ್ಟೇ. ಕೊನೆಗೆ ಪೂಲಿಗೆ ಹಾಕೋ ಕ್ಲೋರಿನ್ ಪುಡಿ ಒಂದು ಚಿಟಿಕೆ ಹಾಕಿದ. ಯಾಕೋ ಅಂದ್ರೆ, ಹಾಳಾಗದಿದ್ರೆ ಅವರನ್ನ ನೋಡೋಕೆ ಏನು ನೆಪ ಅಕ್ಕಾ ಅಂತಾನೆ, ದಡ್ಡ! ಬನ್ನಿ ಬನ್ನಿ, ಒಳಗೇ ಇದಾನೆ."

ಅಕ್ಕ ಅದನ್ನು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ಕೇಳುವವಳ ಮುಖ ಬಿಳಿಚಿದ್ದು ಅವಳಿಗೆ ಕಾಣಲೇ ಇಲ್ಲ.

ಪೂಲಿನ ಆಚೆ ಬದಿಯ ಕಟ್ಟೆಯ ಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಅವನ ಸೀಟಿಯ ಪಕ್ಕದಲ್ಲಿ, ಬಾಯಿ ತೆರೆದುಕೊಂಡು ಕೂತಿತ್ತು ಬಾಟಲಿ. ಕ್ಲಿನಿಕ್ಕಿನಿಂದ ಹೊಸದಾಗಿ ತಂದಿದ್ದ ನಾಲ್ಕನೆಯದು. ಇನ್ನೂ ಕಂದಾಗಿರಲಿಲ್ಲ.

ಅವಳು ಅದನ್ನು ಎತ್ತಿಕೊಂಡಳು. ಅವನು ಎದೆಮಟ್ಟದ ನೀರಿನಲ್ಲಿ ನಿಂತು ಒಬ್ಬರು ಅಜ್ಜಿಯನ್ನು ಅಂಗಾತ ತೇಲಿಸುತ್ತಿದ್ದ. ಅಂಚು ಹಿಡಿದ ಆರೇಳು ಜನ ಸಾಲಾಗಿ ನೋಡುತ್ತಿದ್ದರು.

"ಕೋಚ್!"

ಅವನು ತಿರುಗಿ ನೋಡಿದ. ಮೊದಲ ಸಲ ಅವಳ ಮುಖವನ್ನು ಮಾಸ್ಕಿಲ್ಲದೆ ನೋಡುತ್ತಿದ್ದ. ಅವನ ಮುಖ ಅರಳಿತು. ಆಮೇಲೆ ಅವಳ ಕೈಯಲ್ಲಿದ್ದದ್ದು ಕಂಡಿತು, ಅರಳಿದ ಮುಖ ಹಾಗೇ ನಿಂತುಬಿಟ್ಟಿತು.

"ಕಪಾಟಿನೊಳಗೆ, ಕತ್ತಲಲ್ಲಿ. ಅಲ್ವಾ?"

"ನಾನು ಹೇಳ್ತೀನಿ, ಒಂದು ನಿಮಿಷ..."

"ನಾನು ಹೇಳ್ತೀನಿ, ನೀವು ಕೇಳಿ! ನನ್ನೆದುರು ಕೂತು ಮುಚ್ಚಳ ತಿರುಗಿಸಿದ್ರಲ್ಲ, ಆಗ ಏನನಿಸ್ತಿತ್ತು? ಎಷ್ಟು ಮುದ್ದಾಗಿ ಮೋಸ ಹೋಗ್ತಾಳೆ ಅಂತಲಾ? ಮೂರು ಸಲ ಕೆಟ್ಟಿದೆ ಅಂತ ಡಾಕ್ಟರ್ ಆ ಕಳ್ಳ ಕಂಪನೀನ ಕರೆಸ್ತಿದಾರೆ. ನಿನ್ನೆ ಇಡೀ ಸೀರಮ್ ಸಿಂಕಿಗೆ ಸುರಿದೆ. ನನ್ನ ಕೈಯನ್ನೇ ನಾನು ಅನುಮಾನಿಸಿದೆ. ಗೊತ್ತಾ ನಿಮಗೆ ಅದು ಎಂಥದ್ದು ಅಂತ?"

ಅವನ ಮುಖದ ಬಣ್ಣ ಇಳಿದುಹೋಯಿತು. "ಅದು... ಅದು ನನಗೆ ಗೊತ್ತಿರಲಿಲ್ಲ."

"ಕೇಳಿದ್ರಾ ಗೊತ್ತಾಗೋಕೆ?"

"ನಿಮ್ಮನ್ನ ನೋಡಬೇಕು ಅನಿಸ್ತಿತ್ತು. ಬರೋಕೆ ಏನಾದ್ರೂ ಕಾರಣ ಬೇಕಿತ್ತು."

"ನೋಡಬೇಕು ಅನಿಸಿದ್ರೆ ನೋಡಬೇಕು ಅನಿಸ್ತು ಅಂತ ಬರಬೇಕಿತ್ತು! ನಾನೇನು ಬಾಗಿಲು ಹಾಕ್ತಿದ್ನಾ?"

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಅಂಚು ಹಿಡಿದವರಿಗೂ ಕೇಳಿಸಿತು. ಅಜ್ಜಿಯಂತೂ ಅಷ್ಟು ಹೊತ್ತಿನಿಂದ ಯಾರ ಕೈಯಾಸರೆಯೂ ಇಲ್ಲದೆ ತೇಲುತ್ತಿದ್ದರು, ಅದು ಅವರಿಗೂ ತಿಳಿದಿರಲಿಲ್ಲ, ಕೋಚಿಗೂ ತಿಳಿದಿರಲಿಲ್ಲ.

"ಹಾಕ್ತಿರಲಿಲ್ವಾ?" ಅಂದ, ಮೆಲ್ಲಗೆ.

"ಇನ್ನು ಮೇಲೆ ಹಾಕ್ತೀನಿ," ಅಂದಳು. ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಬ್ಯಾಗಿಗೆ ಹಾಕಿಕೊಂಡು, ತಿರುಗಿ ನೋಡದೆ ಹೊರಟುಬಂದಳು.

ಅಂದು ಸಂಜೆ ಡಾಕ್ಟರಮ್ಮನ ಫೋನ್ ಬಂತು. ದನಿಯಲ್ಲಿ ನಗು ಉಕ್ಕುತ್ತಿತ್ತು.

"ಅಮ್ಮಾ, ಆ ನಿನ್ನ ಕೋಚು ಬಂದಿದ್ರು ಕಣಮ್ಮಾ! ಒದ್ದೆ ಕೂದಲಲ್ಲೇ. ಒಳಗೆ ಬನ್ನಿ ಅಂದ್ರೆ ಬರಲಿಲ್ಲ. ವೇಟಿಂಗ್ ರೂಮಿನ ಮಧ್ಯೆ ನಿಂತು, ಇಲ್ಲೇ ಸುಳ್ಳು ಹೇಳಿದ್ದು, ಇಲ್ಲೇ ನಿಜ ಹೇಳ್ಬೇಕು ಅಂದ್ರು. ಬಿಸಿಲಿಗಿಟ್ಟಿದ್ದು, ಕ್ಲೋರಿನ್ ಹಾಕಿದ್ದು, ಎಲ್ಲಾನೂ ಹೇಳಿದ್ರು. ಎಷ್ಟು ಬಿಸಿಲಿಗಿಟ್ರೂ ಆ ಸೀರಮ್ ಕೆಡೋಕೆ ಒಪ್ಪಲಿಲ್ಲ, ನಾನೇ ಸೋತು ಕೊನೆಗೆ ಕ್ಲೋರಿನ್ ಹಾಕಿ ಹಾಳು ಮಾಡಿದೆ ಅಂದಾಗ ಜನ ಎಲ್ಲ ನಕ್ಕುಬಿಟ್ರು. ಎಷ್ಟು ರೊಮ್ಯಾಂಟಿಕ್ ಅಲ್ವಾ?"

"ಅಲ್ಲ," ಅಂದಳು ಅವಳು.

"ಆಂ?"

"ರೊಮ್ಯಾಂಟಿಕ್ ಅಲ್ಲ ಮೇಡಂ. ನಾನು ಒಂದಿಡೀ ಬ್ಯಾಚ್ ಸುರಿದಿದ್ದೀನಿ. ನೀವೂ ನನ್ನ ಮಾತು ಕೇಳೋ ಮೊದಲೇ ಬೇರೆ ಕಂಪನೀನ ಕರೆದ್ರಿ. ಅವರು ಹಳದಿ ಬಣ್ಣ ಬೆರೆಸ್ತಾರೆ ಅಂತ ನಾನು ಹಿಂದೇನೇ ಹೇಳಿದ್ದೆ."

ಆ ಕಡೆ ನಗು ನಿಂತಿತು.

"ನೀನು ಹೇಳೋದು ಸರಿ," ಅಂದರು ಡಾಕ್ಟರಮ್ಮ. "ಸೋಮವಾರ ಅವರು ಬರೋದು ಬೇಡ ಅಂತೀನಿ. ಎಂದಿನ ಹಾಗೆ ನಿನ್ನ ಸೀರಮ್ಮೇ ಕಳಿಸು."

"ಕಳಿಸ್ತೀನಿ. ಆದ್ರೆ ನಿಮ್ಮ ಕೌಂಟರಲ್ಲಿ ಅದನ್ನ ಗಾಜಿನ ಶೋಕೇಸಿನಲ್ಲಿ, ಲೈಟ್ ಕೆಳಗೆ ಇಟ್ಟಿದ್ದೀರ. ಅದನ್ನ ತೆಗೆಸಿ. ಡ್ರಾಯರಲ್ಲಿ ಇಡಿಸಿ."

"ಆಯ್ತಮ್ಮಾ ಆಯ್ತು. ಸೀರಮ್ಮಿಗಿಂತ ನಿನಗೇ ಹೆಚ್ಚು ಸಿಡುಕು."

ಲ್ಯಾಬ್ ಉಳಿಯಿತು. ಅವಳು ಎಂದಿನಂತೆ ಮುಂಜಾನೆ ಎದ್ದು ತೂಕ ಹಾಕಿದಳು, ಬೆರೆಸಿದಳು, ಸೋಸಿದಳು, ತುಂಬಿದಳು. ಕೈ ಮೊದಲಿನ ಹಾಗೇ ತಪ್ಪಿಲ್ಲದೆ ನಡೆಯಿತು. ಪೂಲಿನಿಂದ ತಂದಿದ್ದ ಆ ನಾಲ್ಕನೆಯ ಬಾಟಲಿಯನ್ನು ಮಾತ್ರ ಯಾಕೋ ಬಿಸಾಡಲಿಲ್ಲ. ಬೀರುವಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ದಿನ ಕಳೆದಂತೆ ಅದು ಸ್ವಲ್ಪ ಹಳದಿಯಾಗಿ ಅಷ್ಟಕ್ಕೇ ನಿಂತಿತು.

ಅವನು ಬರಲಿಲ್ಲ.

ಬಾಗಿಲು ಹಾಕ್ತೀನಿ ಅಂದದ್ದು ಅವಳೇ. ಆದರೆ ಹಾಗಂದರೆ ಬರಲೇಬಾರದಾ? ಮನುಷ್ಯ ಒಂದು ಸಲ ಬಂದು ಬಾಗಿಲು ಹಾಕಿದೆಯಾ ಅಂತಾದರೂ ನೋಡಬಾರದಾ? ಸುಳ್ಳು ಹೇಳಲು ಬಿಸಿಲು, ಕ್ಲೋರಿನ್ ಅಂತ ಅಷ್ಟು ಶ್ರಮ ಪಟ್ಟವನಿಗೆ ನಿಜ ಹೇಳಲು ಒಂದು ರಸ್ತೆ ದಾಟಿ ಬರುವಷ್ಟು ಶ್ರಮ ಹೆಚ್ಚಾಯಿತಾ? ಮೊದಲು ಅವನು ಬಂದದ್ದಕ್ಕೆ ಬಂದ ಕೋಪಕ್ಕಿಂತ ಈಗ ಬಾರದ್ದಕ್ಕೆ ಬಂದ ಕೋಪ ದೊಡ್ಡದಾಯಿತು. ಎರಡು ಬೀಕರ್ ಒಡೆದವು.

"ಮುಚ್ಚಳ ಎಲ್ಲ ಸರಿಯಾಗಿದ್ಯಾ?" ಅಂತ ಅತ್ತೆ ಕೇಳಿದಳು.

"ಅತ್ತೇ!"

"ಸುಮ್ನೆ ಕೇಳಿದೆ."

ಬಿಸಿಲು ಸ್ವಲ್ಪ ತಗ್ಗಿದ ಒಂದು ಬೆಳಿಗ್ಗೆ, ಅವಳು ಇನ್ನೂ ಕೋಟು ಹಾಕಿಕೊಳ್ಳುವ ಮೊದಲು, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಸದ್ದು ನಿಂತಿತು.

"ಏನು ಕೆಲಸ ಮೇಷ್ಟ್ರೇ?" ಅಂತ ಅತ್ತೆಯ ದನಿ. "ಪ್ಯಾಂಟಿಗೆ ಅಂಚು ಹೊಲೀಬೇಕಾ? ಗುಂಡಿ ಬಿದ್ದಿದ್ಯಾ?"

"ಇಲ್ಲ ಅತ್ತೆ. ಏನೂ ಕೆಲಸ ಇಲ್ಲ."

"ಬಾಟಲಿ ಗೀಟಲಿ?"

"ಏನೂ ತಂದಿಲ್ಲ. ಅವರನ್ನ ನೋಡೋಕೆ ಬಂದೆ."

ಇಂಥ ಉತ್ತರಕ್ಕೆ ಯಾವ ಕಡೆಯಿಂದ ಟೇಪ್ ಹಿಡಿಯಬೇಕು ಅಂತ ಅತ್ತೆಗೂ ಹೊಳೆಯಲಿಲ್ಲ. "ಒಳಗಿದಾಳೆ," ಅಂದಳು ಕೊನೆಗೆ. "ಎರಡು ಬೀಕರ್ ಒಡೆದಿದಾಳೆ. ನೋಡ್ಕೊಂಡು ಹೋಗಿ."

ಅವನು ಬಾಗಿಲಲ್ಲಿ ನಿಂತ. ಮೊದಲ ದಿನ ನಿಂತಿದ್ದ ಅದೇ ಜಾಗ. ಕೈಗಳು ಖಾಲಿ, ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮಾಸ್ಕ್ ಮೇಜಿನ ಮೇಲಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಇಷ್ಟು ದಿನ ಯಾಕೆ ಬರಲಿಲ್ಲ?"

"ಬಾಗಿಲು ಹಾಕ್ತೀನಿ ಅಂದಿದ್ರಿ."

"ಹೇಳಿದ್ದೆಲ್ಲ ಕೇಳೋ ಹಾಗಿದ್ರೆ ಬಾಟಲಿ ಕತ್ತಲಲ್ಲಿಡಿ ಅಂದಿದ್ದು ಯಾಕೆ ಕೇಳಲಿಲ್ಲ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಕ್ಲಿನಿಕ್ಕಿನಲ್ಲಿ ಹೇಳಿದೆ, ಆದ್ರೆ ನಿಮ್ಮ ಹತ್ತಿರ ಹೇಳಿರಲಿಲ್ಲ. ನೆಪ ಹುಡುಕ್ತಾ ನಿಮ್ಮ ಕೆಲಸಕ್ಕೇ ಕಲ್ಲು ಹಾಕಿದೆ. ನೀವು ಅನುಮಾನ ಪಟ್ಟುಕೊಂಡು ಮುಚ್ಚಳ ನೋಡ್ತಾ ಕೂತಿರುವಾಗ ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ತಿದ್ದೆ. ಹೇಳಿದ್ರೆ ನಾಳೆ ಬರೋ ಹಾಗಿಲ್ಲ ಅಂತ ಹೆದರಿಕೆ. ಜನಕ್ಕೆಲ್ಲ ಅಂಚು ಬಿಡಿ ಬಿಡಿ ಅಂತ ಪಾಠ ಹೇಳೋನು ನಾನೇ ಅಂಚು ಹಿಡ್ಕೊಂಡು ಕೂತಿದ್ದೆ."

"ಆಮೇಲೆ?"

"ಆಮೇಲೆ ಏನು? ನೀವು ಅಂದ್ರೆ ನನಗೆ ಇಷ್ಟ. ಮಾಸ್ಕ್ ಇದ್ದಾಗಲೂ ಇಷ್ಟ, ಪೂಲಿನಲ್ಲಿ ಬೈದಾಗಲೂ ಇಷ್ಟ. ಇದಕ್ಕೆ ಬೇರೆ ಕಾರಣ ಏನೂ ಇಲ್ಲ. ಇಷ್ಟು ಹೇಳೋಕೇ ಬಂದೆ."

ಅವಳಿಗೆ ಕಣ್ಣು ತುಂಬಿ ಬಂತು, ಅದಕ್ಕೂ ಅವಳಿಗೆ ಸಿಟ್ಟು ಬಂತು. "ಇಲ್ಲಿ ಬನ್ನಿ," ಅಂತ ಗದರಿಸುವ ಹಾಗೆ ಕರೆದಳು. "ಬೆಳಕಿಗೆ ಬನ್ನಿ. ಮುಖ ತೋರಿಸಿ."

ಕಿಟಕಿಯ ಬಳಿ ಅವನ ಗಲ್ಲ ಹಿಡಿದು ಆ ಕೆನ್ನೆ, ಈ ಕೆನ್ನೆ ತಿರುಗಿಸಿ ನೋಡಿದಳು. ಬಂಗು ಪೂರ್ತಿ ಹೋಗಿರಲಿಲ್ಲ, ಆದರೆ ಅಂಚು ಮಾಸಿ ತೆಳುವಾಗಿತ್ತು.

"ಹಚ್ಚಿದ್ದೀರಾ?"

"ಆವತ್ತು ಕ್ಲಿನಿಕ್ಕಿನಿಂದ ಬರುವಾಗ ಒಂದು ಬಾಟಲಿ ತಂದೆ. ದಿನಾ ಬೆಳಿಗ್ಗೆ, ಒರೆಸ್ಕೊಂಡು, ಅಂಗೈಗೆ ಹಾಕ್ಕೊಂಡು. ಕಪಾಟಲ್ಲಿ ಇಟ್ಟಿದ್ದೀನಿ." ಈ ಸಲ ಅವಳ ಮುಖ ನೋಡಿಕೊಂಡೇ, "ನಿಜವಾಗಿ. ಅಕ್ಕನ್ನ ಕೇಳಿ," ಅಂದ.

ಅವಳು ಗಲ್ಲದಿಂದ ಕೈ ತೆಗೆಯಲಿಲ್ಲ. ಅವನು ಅಲುಗಾಡಲಿಲ್ಲ. ಇಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಯ ತುದಿಗಳು ಬಿಸಿಲಿಗೆ ಕೆಂಚಾಗಿದ್ದವು. ಅವಳ ಹೆಬ್ಬೆರಳು ತನ್ನಷ್ಟಕ್ಕೆ, ಹಿಂದೆ ಕಿತ್ತಳೆ ಪಟ್ಟೆ ಇದ್ದ ಜಾಗದ ಮೇಲೆ ಒಂದು ಸಲ ಹರಿದಾಡಿತು.

"ಕೋಪ ಹೋಯ್ತಾ?" ಅಂತ ಪಿಸುಗುಟ್ಟಿದ.

"ಇಲ್ಲ."

"ಯಾವಾಗ ಹೋಗತ್ತೆ?"

"ಬಂಗು ಹೋಗೋ ಹಾಗೆ. ಒಂದೇ ದಿನಕ್ಕೆ ಹೋಗಲ್ಲ. ದಿನಾ ಬರಬೇಕು. ಬಿಟ್ಟು ಬಿಟ್ಟು ಬಂದ್ರೆ ಆಗಲ್ಲ."

"ದಿನಾ?"

"ದಿನಾ ಅಂದ್ನಲ್ಲ. ಕಿವಿ ಕೇಳಲ್ವಾ?"

ಅವನು ನಕ್ಕ. ಅವಳು ನಗಬಾರದು ಅಂತ ಬಹಳ ಪ್ರಯತ್ನಪಟ್ಟಳು. ಈ ಸಲ ಮುಚ್ಚಿಕೊಳ್ಳಲು ಮಾಸ್ಕೂ ಇರಲಿಲ್ಲ, ಅವಳು ನಕ್ಕದ್ದನ್ನು ಅವನು ಪೂರ್ತಿ ನೋಡಿದ.

ಆಗ ಮುಂದಿನ ಕೋಣೆಯಲ್ಲಿ ಅಷ್ಟು ಹೊತ್ತು ನಿಂತೇ ಹೋಗಿದ್ದ ಹೊಲಿಗೆ ಮೆಷಿನ್ ಮತ್ತೆ ಶುರುವಾಯಿತು.